ಮುಂದೆ ಡಿಸ್ಕ್, ಹಿಂದೆ ಡ್ರಮ್: ಎರಡೂ ಕಡೆ ಬ್ರೇಕ್ ಬದಲಾಯಿಸಬೇಕು, ಎಲ್ಲಿಂದ ಶುರು ಮಾಡಲಿ?

ಪುಟ್ಟಗಾಡಿ

ಎಲ್ಲರಿಗೂ ನಮಸ್ಕಾರ. ನನ್ನದು ಚಿಕ್ಕ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಈಚೆಗೆ ಎಡಗಡೆ ಮುಂದಿನ ಚಕ್ರದಿಂದ ಕೀಚ್ ಅಂತ ಸದ್ದು ಬರುತ್ತಿದೆ. ಬ್ರೇಕ್ ಒತ್ತಿದರೆ ಸದ್ದು ನಿಲ್ಲುತ್ತದೆ, ಕಾಲು ತೆಗೆದರೆ ಮತ್ತೆ ಶುರು. ಜೋರಾಗಿ ಬ್ರೇಕ್ ಹಾಕಿದಾಗ ಗಾಡಿ ಸ್ವಲ್ಪ ಬಲಕ್ಕೆ ಎಳೆಯುತ್ತದೆ. ಹ್ಯಾಂಡ್‌ಬ್ರೇಕ್ ಕೂಡ ಮೊದಲಿಗಿಂತ ತುಂಬಾ ಮೇಲಕ್ಕೆ ಬರುತ್ತಿದೆ.

ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದೆ. ಡಿಸ್ಕನ್ನು ಒತ್ತಿ ಹಿಡಿಯುವ ಎರಡು ಪ್ಯಾಡ್‌ಗಳಲ್ಲಿ ಹೊರಗಿನದು ಅರ್ಧದಷ್ಟು ಉಳಿದಿದೆ. ಹಾಗಾದರೆ ಸದ್ದು ಎಲ್ಲಿಂದ? ಇಂಜಿನ್ ಆಯಿಲ್, ಫಿಲ್ಟರ್, ಪ್ಲಗ್ ಎಲ್ಲ ನಾನೇ ಬದಲಾಯಿಸಿಕೊಳ್ಳುತ್ತೇನೆ. ಬ್ರೇಕ್ ಮಾತ್ರ ಇದುವರೆಗೆ ಮುಟ್ಟಿಲ್ಲ. ಪ್ಯಾಡ್ ಮತ್ತು ಶೂ (ಡ್ರಮ್ ಒಳಗೆ ಉಜ್ಜುವ ಬಾಗಿದ ತುಂಡು) ಹಾಕಿದರೆ ಸಾಕಾ, ಡಿಸ್ಕ್ ಮತ್ತು ಡ್ರಮ್ ಕೂಡ ಬೇಕಾ? ತಿಳಿದವರು ದಯವಿಟ್ಟು ಹೇಳಿ.

ಹಳೇಪಾನಾ

ಪುಟ್ಟಗಾಡಿ ಅವರೇ, ಹೊರಗಿನ ಪ್ಯಾಡ್ ನೋಡಿ ನಂಬಬೇಡಿ. ಸಂದಿಯಿಂದ ಕಾಣುವುದು ಅದೊಂದೇ. ಒಳಗಿನ ಪ್ಯಾಡ್ ಚಕ್ರ ಬಿಚ್ಚಿದರೆ ಮಾತ್ರ ಸರಿಯಾಗಿ ಕಾಣುತ್ತದೆ.

ಚಿಕ್ಕ ಕಾರುಗಳಲ್ಲಿ ಇರುವುದು ಸಾಮಾನ್ಯವಾಗಿ ಜಾರುವ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ). ಅದರಲ್ಲಿ ಪಿಸ್ಟನ್ ಒಳಗಡೆ ಮಾತ್ರ ಇರುತ್ತದೆ. ಬ್ರೇಕ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕ್‌ಗೆ ಒತ್ತುತ್ತದೆ. ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಒಳಕ್ಕೆ ಜಾರಿ, ಹೊರಗಿನ ಪ್ಯಾಡನ್ನೂ ಎಳೆದುಕೊಂಡು ಬರುತ್ತದೆ. ಆ ಪಿನ್‌ಗಳು ಬಿಗಿದುಕೊಂಡರೆ ಕ್ಯಾಲಿಪರ್ ಜಾರುವುದಿಲ್ಲ. ಆಗ ಕೆಲಸವೆಲ್ಲ ಒಳಗಿನ ಪ್ಯಾಡ್ ಮೇಲೆ ಬೀಳುತ್ತದೆ, ಅದೊಂದೇ ಸವೆಯುತ್ತದೆ.

ನೀವು ಹೇಳಿದ್ದೆಲ್ಲ ಇದಕ್ಕೇ ಹೊಂದುತ್ತದೆ. ಪ್ಯಾಡ್ ತೆಳುವಾದಾಗ ಡಿಸ್ಕ್‌ಗೆ ತಾಗಿ ಸದ್ದು ಮಾಡಲೆಂದೇ ಒಂದು ಸಣ್ಣ ಲೋಹದ ಪಟ್ಟಿ ಇಟ್ಟಿರುತ್ತಾರೆ, ಬಹಳ ಸಲ ಒಳಗಿನ ಪ್ಯಾಡ್‌ನಲ್ಲೇ. ಇನ್ನು ಬಲಕ್ಕೆ ಎಳೆಯುವುದು. ಎಡ ಚಕ್ರ ಸರಿಯಾಗಿ ಹಿಡಿಯದೆ ಬಲ ಚಕ್ರ ಚೆನ್ನಾಗಿ ಹಿಡಿದರೆ ಗಾಡಿ ಬಲಕ್ಕೇ ಹೋಗುತ್ತದೆ ಅಲ್ವಾ? ಮೊದಲು ಚಕ್ರ ಬಿಚ್ಚಿ ನೋಡಿ, ಸಾಮಾನು ಆಮೇಲೆ ತರಿಸಿ.

ಪ್ಯಾಡ್‌ನ ಉಜ್ಜುವ ಭಾಗ ಹೊಸದರಲ್ಲಿ ಸುಮಾರು 10 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಬಂದರೆ ಬದಲಾಯಿಸುವ ಹೊತ್ತು. ಹಿಂದಿನ ಲೋಹದ ತಗಡನ್ನು ಸೇರಿಸಿ ಅಳೆಯಬೇಡಿ.

ಮೆಲ್ಲಗೆಹೋಗು

ಬಿಚ್ಚುವ ಮೊದಲು ನನ್ನದೊಂದು ಮಾತು. ಗಾಡಿ ಜಾಕಿಯ ಮೇಲೆ ಮಾತ್ರ ನಿಂತಿರುವಾಗ ದಯವಿಟ್ಟು ಕೆಲಸ ಮಾಡಬೇಡಿ. ಜಾಕಿ ಇರುವುದು ಎತ್ತಲಿಕ್ಕೆ. ಹೊತ್ತು ನಿಲ್ಲಲಿಕ್ಕೆ ಸ್ಟ್ಯಾಂಡ್ ಬೇಕು. ಗಟ್ಟಿ, ಸಮತಟ್ಟು ನೆಲ ಬೇಕು. ಕಂಪನಿ ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲೇ ಸ್ಟ್ಯಾಂಡ್ ಕೊಡಿ. ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ.

ಹಿಂದಿನ ಡ್ರಮ್ ಬಿಚ್ಚುವಾಗ ಹ್ಯಾಂಡ್‌ಬ್ರೇಕ್ ಬಿಟ್ಟಿರಲೇಬೇಕು. ಇಲ್ಲದಿದ್ದರೆ ಡ್ರಮ್ ಬರುವುದಿಲ್ಲ. ಅಂದರೆ ಆಗ ಗಾಡಿಯನ್ನು ಹಿಡಿದಿರುವುದು ಮುಂದಿನ ಚಕ್ರದ ಅಡ್ಡಗಳು ಮತ್ತು ಗೇರ್ ಮಾತ್ರ. ಅವನ್ನು ಇನ್ನೊಮ್ಮೆ ನೋಡಿಕೊಂಡೇ ಕೈ ಹಾಕಿ.

ಇನ್ನೊಂದು, ಬ್ರೇಕ್ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಈಗಿನದಾದರೂ ಉಸಿರಿಗೆ ಒಳ್ಳೆಯದಲ್ಲ. ಬ್ರೇಕ್ ಕ್ಲೀನರ್ ಸಿಂಪಡಿಸಿ, ಒದ್ದೆ ಮಾಡಿ, ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಮಾಸ್ಕ್ ಹಾಕಿಕೊಳ್ಳಿ.

ಪುಟ್ಟಗಾಡಿ

ಎಲ್ಲರಿಗೂ ಧನ್ಯವಾದ. ಇವತ್ತು ಎಡ ಮುಂದಿನ ಚಕ್ರ ಬಿಚ್ಚಿದೆ. ಹಳೇಪಾನಾ ಸಾರ್, ನೀವು ಹೇಳಿದ ಹಾಗೇ ಇದೆ! ಹೊರಗಿನದು 5 ಮಿ.ಮೀ., ಒಳಗಿನದು ಬರೀ 2. ಅದೂ ಸಮನಾಗಿ ಸವೆದಿಲ್ಲ. ಒಳಗಿನ ಪ್ಯಾಡ್‌ನ ಕೆಳತುದಿ ಮೇಲ್ತುದಿಗಿಂತ ತೆಳ್ಳಗಿದೆ. ಮೇಲಿನ ಪಿನ್ ಕೈಯಲ್ಲೇ ಹಿಂದೆ ಮುಂದೆ ಆಡುತ್ತದೆ. ಕೆಳಗಿನದು ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ.

ಬಲಗಡೆ ಎರಡೂ ಪ್ಯಾಡ್ ಹೆಚ್ಚುಕಡಿಮೆ ಸಮ, 4 ಮಿ.ಮೀ. ಹತ್ತಿರ. ಈಗ ಎಡಗಡೆಗೆ ಹೊಸ ಕ್ಯಾಲಿಪರ್ ಬೇಕಾ?

ಗ್ರೀಸ್‌ಕೈ

ನಾನು ಇದೇ ಕೆಲಸದಲ್ಲಿರುವವನು. ಕ್ಯಾಲಿಪರ್ ಬೇಡ, ಅಷ್ಟು ಬೇಗ ಅಲ್ಲಿಗೆ ಹೋಗಬೇಡಿ. ಮೊದಲು ಪಿನ್ ಬಿಡಿಸಿ.

ಕ್ಯಾಲಿಪರ್ ಬೋಲ್ಟ್ ಬಿಚ್ಚಿ, ಕ್ಯಾಲಿಪರನ್ನು ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗ್‌ಗೆ ಕಟ್ಟಿ. ರಬ್ಬರ್ ಹೋಸಿನ ಮೇಲೆ ಯಾವತ್ತೂ ನೇತಾಡಲು ಬಿಡಬೇಡಿ. ಹೋಸ್ ಒಳಗಿನ ಪದರ ಕಿತ್ತರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಬಿಗಿದ ಪಿನ್ನಿನ ತಲೆಗೆ ಸ್ಪ್ಯಾನರ್ ಕೊಟ್ಟು ಆಚೆ ಈಚೆ ತಿರುಗಿಸುತ್ತಾ ನಿಧಾನವಾಗಿ ಎಳೆಯಿರಿ. ನೇರ ಎಳೆಯುವುದಕ್ಕಿಂತ ತಿರುಗಿಸಿ ಎಳೆದರೆ ಬರುತ್ತದೆ. ಹೊರಗೆ ಬಂದ ಪಿನ್ ನೋಡಿದರೆ ಹಳೆ ಗ್ರೀಸ್ ಒಣಗಿ ಕಂದು ಬಣ್ಣದ ಅಂಟಾಗಿರುತ್ತದೆ, ಅಲ್ಲಲ್ಲಿ ತುಕ್ಕಿನ ಚುಕ್ಕೆ ಇರುತ್ತದೆ. ಒರೆಸಿ ಪೂರ್ತಿ ಹೊಳಪು ಬಂದರೆ ಅದನ್ನೇ ಹಾಕಬಹುದು. ತುಕ್ಕು ತಿಂದು ಗುಳಿ ಬಿದ್ದಿದ್ದರೆ ಹೊಸ ಪಿನ್, ಹೊಸ ರಬ್ಬರ್ ಬೂಟ್ ಹಾಕಿ. ಎರಡೂ ಬಿಡಿಯಾಗಿ ಸಿಗುತ್ತವೆ. ಪಿನ್ ಕೂರುವ ತೂತನ್ನೂ ಸಣ್ಣ ಬ್ರಷ್ ಹಾಕಿ ತೊಳೆಯಿರಿ.

ಎರಡು ಪಿನ್ ಒಂದೇ ತರಹ ಕಂಡರೂ ಒಂದೇ ಅಲ್ಲದಿರಬಹುದು. ಕೆಲವು ಗಾಡಿಗಳಲ್ಲಿ ಒಂದರ ತುದಿಗೆ ರಬ್ಬರ್ ಬುಷ್ ಇರುತ್ತದೆ. ಮೇಲಿನದು ಯಾವುದು, ಕೆಳಗಿನದು ಯಾವುದು ಅಂತ ಗುರುತು ಹಾಕಿಕೊಳ್ಳಿ.

ಗ್ರೀಸ್ ವಿಷಯ ಮುಖ್ಯ. ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ಇಲ್ಲಿ ಬೇಡವೇ ಬೇಡ. ಪೆಟ್ರೋಲಿಯಂ ಗ್ರೀಸ್ ತಾಗಿದರೆ ಬ್ರೇಕಿನ ರಬ್ಬರ್ ಊದಿಕೊಳ್ಳುತ್ತದೆ, ಪಿನ್ ಮತ್ತೆ ಬಿಗಿಯುತ್ತದೆ. ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ ಸಾಕು. ತುಂಬಿಸಿಬಿಟ್ಟರೆ ತೂತಿನೊಳಗೆ ಗಾಳಿ ಸಿಕ್ಕಿಕೊಂಡು ಪಿನ್ ಹೊರಕ್ಕೆ ತಳ್ಳಿಕೊಳ್ಳುತ್ತದೆ.

ಆಮೇಲೆ ಹೆಚ್ಚಿನವರು ಬಿಟ್ಟುಬಿಡುವ ಜಾಗ. ಪ್ಯಾಡಿನ ಎರಡು ಕಿವಿ ಕೂರುವಲ್ಲಿ ಬ್ರಾಕೆಟ್‌ಗೆ ತೆಳ್ಳನೆ ಸ್ಟೀಲ್ ಕ್ಲಿಪ್ ಇರುತ್ತದೆ. ಕ್ಲಿಪ್ ಹೊಳೆಯುತ್ತಿರುತ್ತದೆ, ಅದರ ಅಡಿಯಲ್ಲಿ ಬ್ರಾಕೆಟ್ ತುಕ್ಕು ಹಿಡಿದಿರುತ್ತದೆ. ತುಕ್ಕು ಬೆಳೆದಷ್ಟೂ ಕ್ಲಿಪ್ ಮೇಲಕ್ಕೇಳುತ್ತದೆ, ಪ್ಯಾಡಿಗೆ ಜಾಗ ಕಡಿಮೆಯಾಗುತ್ತದೆ. ಕ್ಲಿಪ್ ಕಿತ್ತು, ವೈರ್ ಬ್ರಷ್ ಅಥವಾ ಅರ ಹಾಕಿ ಲೋಹ ಕಾಣುವವರೆಗೆ ಉಜ್ಜಿ, ಹೊಸ ಕ್ಲಿಪ್ ಹಾಕಿ. ಹೊಸ ಪ್ಯಾಡ್ ಅಲ್ಲಿ ಬೆರಳಲ್ಲಿ ತಳ್ಳಿದರೆ ಜಾರಬೇಕು. ಸುತ್ತಿಗೆ ಬೇಕಾಯಿತು ಅಂದರೆ ಇನ್ನೂ ಉಜ್ಜಬೇಕು ಅಂತ ಅರ್ಥ. ಹೊಸ ಪ್ಯಾಡ್ ಹಾಕಿಯೂ ಬ್ರೇಕ್ ಸರಿಹೋಗಲಿಲ್ಲ ಅಂತ ಬರುವ ಗಾಡಿಗಳಲ್ಲಿ ನನಗೆ ಸಿಗುವುದು ಇದೇ. ಸಾಮಾನು ಹೊಸದಿರುತ್ತದೆ, ಆಡಬೇಕಾದ್ದು ಆಡುತ್ತಿರುವುದಿಲ್ಲ.

ಹಳೇಪಾನಾ

ಗ್ರೀಸ್‌ಕೈ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಪಿಸ್ಟನ್ ಒಳಕ್ಕೆ ತಳ್ಳುವ ಮೊದಲು ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಪ್ಯಾಡ್ ಸವೆದಂತೆ ಡಬ್ಬಿಯ ಮಟ್ಟ ಇಳಿಯುತ್ತದೆ. ಮಧ್ಯೆ ಯಾರಾದರೂ ತುಂಬಿಸಿದ್ದರೆ, ಪಿಸ್ಟನ್ ಒಳಗೆ ಹೋದಾಗ ಅದು ಉಕ್ಕಿ ಹೊರಗೆ ಬರುತ್ತದೆ. ಬಿದ್ದ ಜಾಗದ ಬಣ್ಣ ಎದ್ದುಹೋಗುತ್ತದೆ. ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಹಳೆ ಪ್ಯಾಡನ್ನು ಪಿಸ್ಟನ್ ಮೇಲಿಟ್ಟು ಜಿ ಕ್ಲಾಂಪ್‌ನಿಂದ ನಿಧಾನವಾಗಿ ಒತ್ತಿ. ನೇರವಾಗಿ ಹೋಗಬೇಕು, ವಾಲಬಾರದು. ಪಿಸ್ಟನ್ನಿನ ಧೂಳು ತಡೆಯುವ ರಬ್ಬರ್ ಹರಿದಿದ್ದರೆ, ಸುತ್ತ ಒದ್ದೆ ಇದ್ದರೆ, ಅಥವಾ ಎಷ್ಟು ಒತ್ತಿದರೂ ಹೋಗದಿದ್ದರೆ ಆಗ ಕ್ಯಾಲಿಪರ್ ರಿಪೇರಿಯ ಮಾತು.

ನೀಲಿಹ್ಯಾಚ್

ಅಣ್ಣಾ, ಒಂದು ಡೌಟು. ನನ್ನ ಗಾಡಿಗೆ ಹಿಂದೆಯೂ ಡಿಸ್ಕ್. ಹಿಂದಿನ ಪಿಸ್ಟನ್ ಕ್ಲಾಂಪ್‌ಗೆ ಒಂಚೂರೂ ಹೋಗುತ್ತಿಲ್ಲ. ಜಾಮ್ ಆಗಿದೆ ಅಂತಾನಾ?

ಗ್ರೀಸ್‌ಕೈ

ನಿಲ್ಲಿಸಿ ತಮ್ಮಾ, ಇನ್ನು ಒತ್ತಬೇಡ. ಹಿಂದಿನ ಕ್ಯಾಲಿಪರ್‌ನಲ್ಲೇ ಹ್ಯಾಂಡ್‌ಬ್ರೇಕ್ ಕೇಬಲ್ ಸೇರಿದೆಯಾ ನೋಡು. ಸೇರಿದ್ದರೆ ಆ ಪಿಸ್ಟನ್ ಒಳಗೆ ಸ್ಕ್ರೂ ಇರುತ್ತದೆ. ಅದನ್ನು ಒತ್ತುವುದಲ್ಲ, ಒತ್ತುತ್ತಾ ತಿರುಗಿಸಬೇಕು. ಬಹುತೇಕ ಗಾಡಿಗಳಲ್ಲಿ ಗಡಿಯಾರದ ದಿಕ್ಕಿಗೆ, ಕೆಲವದರಲ್ಲಿ ಒಂದು ಬದಿ ಉಲ್ಟಾ. ಅದಕ್ಕೆಂದೇ ಟೂಲ್ ಸಿಗುತ್ತದೆ. ಬಲವಂತ ಮಾಡಿದರೆ ಒಳಗಿನ ಅಡ್ಜಸ್ಟರ್ ಹಾಳಾಗುತ್ತದೆ. ತಿರುಗಿಸಿದ ಮೇಲೆ ಪಿಸ್ಟನ್ ಮುಖದ ಕಚ್ಚು, ಪ್ಯಾಡ್ ಹಿಂದಿನ ಸಣ್ಣ ಮೊಳೆಗೆ ಸರಿಯಾಗಿ ಕೂರಬೇಕು.

ಬಟನ್ ಒತ್ತುವ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಆದರೆ ಮೊದಲು ಅದನ್ನು ಸರ್ವಿಸ್ ಮೋಡ್‌ಗೆ ಹಾಕಬೇಕು. ಮೋಟರ್ ತಾನೇ ಹಿಂದಕ್ಕೆ ಹೋದ ಮೇಲೆ ಪಿಸ್ಟನ್ ಒತ್ತಬಹುದು. ಕೆಲಸ ಮಾಡುವಾಗ ಯಾರೂ ಆ ಬಟನ್ ಮುಟ್ಟಬಾರದು, ಬೆರಳು ಸಿಕ್ಕಿಕೊಂಡೀತು.

ಓಡುವಗಾಲಿ

ಪುಟ್ಟಗಾಡಿ ಅವರ ಡಿಸ್ಕ್ ವಿಷಯಕ್ಕೆ ಬರೋಣ. ಪ್ಯಾಡ್ ಹಾಕುವಾಗಲೆಲ್ಲ ಡಿಸ್ಕ್ ಕೂಡ ಹಾಕಬೇಕು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಡಿಸ್ಕ್ ದಪ್ಪ ಇದ್ದರೆ, ನಡುಕ ಇಲ್ಲದಿದ್ದರೆ ಸುಮ್ನೆ ಯಾಕೆ ಎಸೆಯುವುದು?

ಹಳೇಪಾನಾ

ಒಪ್ಪುತ್ತೇನೆ, ಆದರೆ ಅಳೆದು ನೋಡಿ ಹೇಳಬೇಕು. ಕಣ್ಣಂದಾಜು ಸಾಲದು. ಎಷ್ಟು ತೆಳ್ಳಗಾಗುವವರೆಗೆ ಬಳಸಬಹುದು ಅಂತ ಬಹುತೇಕ ಡಿಸ್ಕ್‌ಗಳ ಮೇಲೇ ಕೊರೆದಿರುತ್ತಾರೆ. ಮಧ್ಯದ ಟೋಪಿಯಂತಹ ಭಾಗದಲ್ಲೋ ಅಂಚಿನಲ್ಲೋ ‘ಮಿನ್’ ಅಂತ ಬರೆದು ಅಂಕಿ ಇರುತ್ತದೆ. ತುಕ್ಕು ಒರೆಸಿದರೆ ಕಾಣುತ್ತದೆ. ಅಳೆಯಲು ಮೈಕ್ರೋಮೀಟರ್ ಒಳ್ಳೆಯದು. ಡಿಸ್ಕ್ ಅಂಚಿನಲ್ಲಿ ಪ್ಯಾಡ್ ತಾಗದೆ ಉಳಿದ ಏರು ಇರುತ್ತದಲ್ಲ, ವರ್ನಿಯರ್ ಇಟ್ಟರೆ ಅದು ಆ ಏರಿನ ಮೇಲೆ ಕೂತು ಜಾಸ್ತಿ ತೋರಿಸುತ್ತದೆ. ಸುತ್ತಲೂ ನಾಲ್ಕಾರು ಕಡೆ ಅಳೆಯಿರಿ.

ಈಗ ಆ ಅಂಕಿಗಿಂತ ಸ್ವಲ್ಪವೇ ಹೆಚ್ಚಿದ್ದರೂ ಯೋಚಿಸಿ. ಹೊಸ ಪ್ಯಾಡ್ ಮುಗಿಯುವ ಮೊದಲೇ ಡಿಸ್ಕ್ ಮಿತಿ ದಾಟುತ್ತದೆ. ಲೇತ್‌ಗೆ ಕೊಟ್ಟು ಸ್ಕಿಮ್ (ಮೇಲ್ಮೈ ತೆಳುವಾಗಿ ಕೆತ್ತಿ ಸಮ) ಮಾಡಿಸುವವರೂ ಇದ್ದಾರೆ. ಸ್ಕಿಮ್ ಆದ ಮೇಲೂ ಮಿತಿಗಿಂತ ಮೇಲೆ ಉಳಿಯಬೇಕು. ಚಿಕ್ಕ ಕಾರಿನ ಡಿಸ್ಕ್ ಮೊದಲೇ ತೆಳ್ಳಗೆ, ಬಹಳ ಸಲ ಅದಕ್ಕೆ ಜಾಗವೇ ಇರುವುದಿಲ್ಲ. ಯಾವುದೇ ಮಾಡಿ, ಎಡ ಬಲ ಎರಡೂ ಒಟ್ಟಿಗೆ ಮಾಡಿ. ಪ್ಯಾಡಾಗಲಿ, ಶೂ ಆಗಲಿ ಒಂದೇ ಬದಿ ಬದಲಾಯಿಸಬೇಡಿ.

ಗ್ರೀಸ್‌ಕೈ

ನಡುಕದ ಮಾತು ಬಂತಲ್ಲ, ಒಂದು ಹೇಳಲೇಬೇಕು. ಪೆಡಲ್ ನಡುಗಿದರೆ ಎಲ್ಲರೂ ಡಿಸ್ಕ್ ಬೆಂಡ್ ಆಗಿದೆ ಅನ್ನುತ್ತಾರೆ. ಹೆಚ್ಚಿನ ಸಲ ಡಿಸ್ಕ್ ಬೆಂಡ್ ಆಗಿರುವುದಿಲ್ಲ, ದಪ್ಪ ಒಂದೊಂದು ಕಡೆ ಒಂದೊಂದು ತರಹ ಆಗಿರುತ್ತದೆ. ಅದಕ್ಕೆ ದೊಡ್ಡ ಕಾರಣ ಹಬ್ (ಡಿಸ್ಕ್ ಮತ್ತು ಚಕ್ರ ಕೂರುವ ಭಾಗ) ಮೇಲಿನ ತುಕ್ಕು. ಹೊಸ ಡಿಸ್ಕ್ ಅಡಿಯಲ್ಲಿ ಒಂದು ಚೂರು ತುಕ್ಕು ಉಳಿದರೆ ಡಿಸ್ಕ್ ಕೂದಲೆಳೆಯಷ್ಟು ಓರೆಯಾಗಿ ಕೂರುತ್ತದೆ. ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಪ್ರತಿ ಸುತ್ತಿಗೂ ಅದೇ ಜಾಗ ಪ್ಯಾಡಿಗೆ ತಾಗಿ ತಾಗಿ, ಸಾವಿರಾರು ಕಿ.ಮೀ. ಆದ ಮೇಲೆ ನಡುಕ ಶುರುವಾಗುತ್ತದೆ. ಆಗ ಡಿಸ್ಕ್ ಕಂಪನಿಯನ್ನು ಬೈಯುತ್ತಾರೆ.

ಹಬ್ ಮುಖವನ್ನು, ಬೋಲ್ಟ್‌ಗಳ ಬುಡವನ್ನೂ ಬಿಡದೆ, ಎಮರಿ ಪೇಪರ್‌ನಿಂದ ನುಣ್ಣಗೆ ಉಜ್ಜಿ. ಹೊಸ ಡಿಸ್ಕ್‌ಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಅದನ್ನು ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ತೊಳೆದೇ ಹಾಕಿ.

ಪುಟ್ಟಗಾಡಿ

ಅಳೆದೆ. ಎರಡೂ ಡಿಸ್ಕ್ ಮಿತಿಯ ಅಂಕಿಗೆ ತೀರಾ ಹತ್ತಿರ ಬಂದಿವೆ. ಡಿಸ್ಕ್, ಪ್ಯಾಡ್, ಕ್ಲಿಪ್ ಎಲ್ಲ ಹೊಸದು ಹಾಕಿದೆ. ಕೆಳಗಿನ ಪಿನ್ ತಿರುಗಿಸುತ್ತಾ ಎಳೆದಾಗ ಬಂತು. ಮಧ್ಯದಲ್ಲಿ ಗುಳಿ ಬಿದ್ದಿತ್ತು, ಹೊಸ ಪಿನ್ ಹಾಕಿದೆ. ಕ್ಲಿಪ್ ಅಡಿಯ ತುಕ್ಕು ನೋಡಿ ಆಶ್ಚರ್ಯವಾಯಿತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ, ಕಿತ್ತರೆ ಪದರ ಪದರವಾಗಿ ಎದ್ದು ಬಂತು. ಉಜ್ಜಿದ ಮೇಲೆ ಪ್ಯಾಡ್ ಬೆರಳಲ್ಲೇ ಜಾರುತ್ತಿದೆ.

ಇನ್ನು ಹಿಂದಿನ ಡ್ರಮ್. ಹ್ಯಾಂಡ್‌ಬ್ರೇಕ್ ಬಿಟ್ಟಿದ್ದೇನೆ, ಆದರೂ ಡ್ರಮ್ ಅಲ್ಲಾಡುತ್ತಿಲ್ಲ. ಹೊಡೆಯಲಾ?

ಮೆಲ್ಲಗೆಹೋಗು

ಜೋರಾಗಿ ಹೊಡೆಯಬೇಡಿ, ಬೀಡು ಕಬ್ಬಿಣ ಸೀಳುತ್ತದೆ. ಡ್ರಮ್ ಮುಖದಲ್ಲಿ ಮರೆ (ಥ್ರೆಡ್) ಇರುವ ಎರಡು ತೂತು ಇದೆಯಾ ನೋಡಿ. ಸಾಮಾನ್ಯವಾಗಿ 8 ಮಿ.ಮೀ. ಬೋಲ್ಟ್ ಕೂರುತ್ತದೆ. ಎರಡಕ್ಕೂ ಬೋಲ್ಟ್ ಹಾಕಿ ಒಂದಿಷ್ಟು ಇದನ್ನು, ಒಂದಿಷ್ಟು ಅದನ್ನು ಬಿಗಿಯುತ್ತಾ ಹೋದರೆ ಡ್ರಮ್ ತಾನೇ ಹೊರಕ್ಕೆ ಬರುತ್ತದೆ. ಸ್ವಲ್ಪ ಬಂದು ನಿಂತರೆ ಒಳಗಿನ ಏರಿಗೆ ಶೂ ಸಿಕ್ಕಿಕೊಂಡಿದೆ ಅಂತ. ಹಿಂದಿನ ತಗಡಿನ ರಬ್ಬರ್ ಬಿರಡೆ ತೆಗೆದು, ಸ್ಕ್ರೂ ಡ್ರೈವರ್ ತೂರಿಸಿ, ಶೂ ಮತ್ತು ಡ್ರಮ್ ನಡುವಿನ ಸಂದಿ ಹೊಂದಿಸುವ ಅಡ್ಜಸ್ಟರ್‌ನ ಹಲ್ಲುಗಾಲಿಯನ್ನು ಸಡಿಲ ಮಾಡಿ. ಕೆಲವು ಗಾಡಿಗಳಲ್ಲಿ ಬೇರಿಂಗ್ ಡ್ರಮ್ ಒಳಗೇ ಇರುತ್ತದೆ. ಅಂಥದಕ್ಕೆ ಮಧ್ಯದ ದೊಡ್ಡ ನಟ್ ಬಿಚ್ಚಬೇಕು, ಹಾಕುವಾಗ ಹೊಸ ನಟ್ ಬೇಕು. ನಿಮ್ಮದು ಯಾವ ತರಹ ಅಂತ ಕೈಪಿಡಿ ನೋಡಿಕೊಳ್ಳಿ.

ಡ್ರಮ್ ಬಂದ ಕೂಡಲೇ ಏನನ್ನೂ ಬಿಚ್ಚದೆ ಫೋಟೋ ತೆಗೆಯಿರಿ, ಎದುರಿನಿಂದ, ಪಕ್ಕದಿಂದ. ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದು ಬದಿ ಬಿಚ್ಚಿ. ಯಾವ ಸ್ಪ್ರಿಂಗ್ ಎಲ್ಲಿ ಅಂತ ಗೊಂದಲವಾದರೆ ಬಿಚ್ಚದ ಬದಿ ನೋಡಿ ಹಾಕಬಹುದು. ಎಡ ಬಲದ ಅಡ್ಜಸ್ಟರ್ ಬೆರೆಸಬೇಡಿ. ಬಹಳ ಗಾಡಿಗಳಲ್ಲಿ ಅವುಗಳ ಮರೆ ಒಂದಕ್ಕೊಂದು ಉಲ್ಟಾ. ಅದಲು ಬದಲಾದರೆ ಶೂ ಸವೆದಂತೆ ಅದು ಹಿಗ್ಗುವ ಬದಲು ಕುಗ್ಗುತ್ತದೆ. ಸ್ಪ್ರಿಂಗ್ ತೆಗೆಯುವಾಗ ಕನ್ನಡಕ ಹಾಕಿಕೊಳ್ಳಿ.

ಹಳೇಪಾನಾ

ಮೇಡಂ ಹೇಳಿದ್ದು ಸರಿ. ಜೊತೆಗೆ ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರ್ ನೋಡಲು ಮರೆಯಬೇಡಿ. ಅದರ ಎರಡು ತುದಿಯ ರಬ್ಬರನ್ನು ಮೆಲ್ಲಗೆ ಮಡಚಿ ನೋಡಿ. ಸ್ವಲ್ಪ ತೇವ ಇದ್ದರೆ ಪರವಾಗಿಲ್ಲ, ಆಯಿಲ್ ತೊಟ್ಟಿಕ್ಕಿದರೆ ಸಿಲಿಂಡರ್ ಬದಲಾಯಿಸಿ. ಇಲ್ಲದಿದ್ದರೆ ಹೊಸ ಶೂ ಮೇಲೂ ಅದೇ ಆಯಿಲ್ ಬೀಳುತ್ತದೆ. ಆಯಿಲ್ ಕುಡಿದ ಶೂ ತೊಳೆದು ಬಳಸಲು ಬರುವುದಿಲ್ಲ. ಶೂ ಕೂರುವ ಹಿಂದಿನ ತಗಡಿನಲ್ಲಿ ಉಬ್ಬಿದ ಜಾಗಗಳಿವೆ, ಅಲ್ಲಿ ಒಂದೊಂದು ಚಿಟಿಕೆ ಬ್ರೇಕ್ ಗ್ರೀಸ್ ಹಚ್ಚಿ. ಡ್ರಮ್ ಮೇಲೆ ಬರೆದ ಗರಿಷ್ಠ ವ್ಯಾಸವನ್ನೂ ಅಳೆದು ನೋಡಿ.

ಪುಟ್ಟಗಾಡಿ

ಬೋಲ್ಟ್ ಹಾಕಿದ ಕೂಡಲೇ ಡ್ರಮ್ ಬಂತು. ಸಿಲಿಂಡರ್ ಒಣಗಿದೆ, ಡ್ರಮ್ ಅಳತೆಯೊಳಗೇ ಇದೆ. ಶೂ ಹಾಕಿದೆ. ಎಡಗಡೆ ಅಡ್ಜಸ್ಟರ್ ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ, ಬಿಡಿಸಿ ಗ್ರೀಸ್ ಹಾಕಿದೆ. ಈಗ ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡಲಾ?

ಗ್ರೀಸ್‌ಕೈ

ತಡೀರಿ, ಕೇಬಲ್ ಕೊನೆಗೆ. ನಿಮ್ಮ ಹ್ಯಾಂಡ್‌ಬ್ರೇಕ್ ಮೇಲೆ ಬರುತ್ತಿದ್ದುದಕ್ಕೆ ಆ ತುಕ್ಕು ಹಿಡಿದ ಅಡ್ಜಸ್ಟರೇ ಕಾರಣ. ಶೂ ಸವೆಯಿತು, ಅಡ್ಜಸ್ಟರ್ ಹಿಗ್ಗಲಿಲ್ಲ, ಸಂದಿ ಜಾಸ್ತಿಯಾಯಿತು. ಇದಕ್ಕೆ ಕೇಬಲ್ ಎಳೆದು ಸರಿಮಾಡಿದರೆ ಶೂ ಅರ್ಧ ಎಳೆದುಕೊಂಡೇ ಇರುತ್ತದೆ, ತಾನಾಗಿ ಹೊಂದಿಕೊಳ್ಳುವ ವ್ಯವಸ್ಥೆಯೂ ಕೆಲಸ ಮಾಡುವುದಿಲ್ಲ.

ಕೇಬಲ್ ಸಡಿಲ ಬಿಡಿ. ಡ್ರಮ್ ಹಾಕಿ ತಿರುಗಿಸಿ ನೋಡಿ. ಶೂ ಸಣ್ಣಗೆ ಸವರಿದ ಸದ್ದು ಬರುವವರೆಗೆ ಅಡ್ಜಸ್ಟರ್ ಹಿಗ್ಗಿಸಿ. ಎರಡೂ ಬದಿ ಹಾಗೆ ಮಾಡಿ, ಪೆಡಲ್ ಕೆಲವು ಸಲ ಒತ್ತಿ ಶೂಗಳನ್ನು ಮಧ್ಯಕ್ಕೆ ಕೂರಿಸಿ. ಆಮೇಲೆ ಕೈಪಿಡಿ ಹೇಳಿದಷ್ಟು ಕಟಕಟ ಸದ್ದಿಗೆ ಹ್ಯಾಂಡ್‌ಬ್ರೇಕ್ ಹಿಡಿಯುವಂತೆ ಕೇಬಲ್ ಹೊಂದಿಸಿ. ಬಿಟ್ಟಾಗ ಎರಡೂ ಚಕ್ರ ಸಲೀಸಾಗಿ ತಿರುಗಬೇಕು.

ಓಡುವಗಾಲಿ

ಆಯಿಲ್ ಕೂಡ ಬದಲಾಯಿಸಿ ಸಾರ್. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಆ ಮಿತಿ 155. ಡಾಟ್ 3ಕ್ಕೆ ಇದು 205 ಮತ್ತು 140. ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಒಳಗೆ ಆವಿ ತುಂಬಿ ಪೆಡಲ್ ಕೆಳಕ್ಕೆ ಹೋಗುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುವುದು. ಡಾಟ್ 5 ಮಾತ್ರ ಹಾಕಬೇಡಿ. ಅದು ಸಿಲಿಕೋನ್, ಇವುಗಳ ಜೊತೆ ಬೆರೆಸುವಂತಿಲ್ಲ. ಡಾಟ್ 5.1 ಬೇರೆ, ಗೊಂದಲ ಬೇಡ.

ಬ್ರೇಕ್ ಪೈಪಿನೊಳಗಿನ ಏರ್ ತೆಗೆಯುವಾಗ ಡಬ್ಬಿ ಖಾಲಿಯಾಗಲು ಬಿಡಬೇಡಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಒಳಗೆ ಗಾಳಿ ಹೋದರೆ ಕೆಲವು ಗಾಡಿಗಳಿಗೆ ಸ್ಕ್ಯಾನರ್ ಬೇಕಾಗುತ್ತದೆ. ಹಳೆ ಗಾಡಿಯಾದರೆ ಪೆಡಲ್ ಕೆಳಗೆ ಮರದ ತುಂಡಿಡಿ. ಪೂರ್ತಿ ಕೆಳಗೆ ತುಳಿದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ಒಳಗಿನ ಸೀಲು ಯಾವತ್ತೂ ಓಡಾಡದ ಒರಟು ಜಾಗಕ್ಕೆ ಹೋಗಿ ಹರಿಯಬಹುದು.

ಮೆಲ್ಲಗೆಹೋಗು

ಗಾಡಿ ಹೊರಡಿಸುವ ಮೊದಲು, ನಿಂತಲ್ಲೇ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಪಿಸ್ಟನ್ ಹಿಂದಕ್ಕೆ ತಳ್ಳಿದ್ದೀರಿ, ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ. ದಯವಿಟ್ಟು ಇದನ್ನು ಮರೆಯಬೇಡಿ.

ಹಳೇಪಾನಾ

ಆಮೇಲೆ ಖಾಲಿ ರಸ್ತೆಯಲ್ಲಿ ಪ್ಯಾಡನ್ನು ಡಿಸ್ಕ್‌ಗೆ ಒಗ್ಗಿಸಿ. ಪ್ಯಾಡ್ ಡಬ್ಬಿಯಲ್ಲಿ ವಿಧಾನ ಬರೆದಿದ್ದರೆ ಅದನ್ನೇ ಮಾಡಿ. ಇಲ್ಲದಿದ್ದರೆ 60 ಕಿ.ಮೀ. ವೇಗದಿಂದ 10ರ ಹತ್ತಿರಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ತೆಗೆದುಕೊಳ್ಳಿ. ಎಂಟು ಹತ್ತು ಸಲ, ನಡುವೆ ಸ್ವಲ್ಪ ಆರಲು ಬಿಟ್ಟು. ಕಾದಿರುವಾಗ ಪೆಡಲ್ ತುಳಿದು ನಿಂತುಬಿಟ್ಟರೆ ಪ್ಯಾಡಿನ ಅಚ್ಚು ಡಿಸ್ಕ್ ಮೇಲೆ ಕೂರುತ್ತದೆ. ಕೊನೆಗೆ ಬ್ರೇಕ್ ಹೆಚ್ಚು ಮುಟ್ಟದೆ ಓಡಿಸಿ ತಣ್ಣಗಾಗಲು ಬಿಡಿ.

ಪುಟ್ಟಗಾಡಿ

ಎಲ್ಲ ಮುಗಿಯಿತು. ಆಯಿಲ್ ಬದಲಾಯಿಸಿದೆ, ಕಾಫಿ ಬಣ್ಣಕ್ಕೆ ತಿರುಗಿತ್ತು. ಸದ್ದಿಲ್ಲ, ಗಾಡಿ ನೇರವಾಗಿ ನಿಲ್ಲುತ್ತದೆ, ಹ್ಯಾಂಡ್‌ಬ್ರೇಕ್ ಕೆಳಗೇ ಹಿಡಿಯುತ್ತದೆ. ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಒಂದೇ ಅನುಮಾನ, ಎಲ್ಲ ಸರಿಯಾಗಿ ಬಿಡುತ್ತಿದೆ ಅಂತ ತಿಳಿಯುವುದು ಹೇಗೆ?

ಗ್ರೀಸ್‌ಕೈ

ಒಂದಿಷ್ಟು ದೂರ ಓಡಿಸಿ, ಆದಷ್ಟು ಕಡಿಮೆ ಬ್ರೇಕ್ ಹಾಕಿ ನಿಲ್ಲಿಸಿ. ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಡಿಸ್ಕ್ ಮಾತ್ರ ಮುಟ್ಟಬೇಡಿ. ಎಡ ಬಲ ಬಿಸಿ ಒಂದೇ ತರಹ ಇರಬೇಕು. ಒಂದು ಚಕ್ರ ಮಾತ್ರ ಕಾದಿದ್ದರೆ ಅಲ್ಲಿ ಏನೋ ಹಿಡಿದುಕೊಂಡಿದೆ, ಮತ್ತೆ ಬಿಚ್ಚಿ. ಚಕ್ರದ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದ ಕೈಪಿಡಿಯ ಅಳತೆಗೆ ಬಿಗಿದಿದ್ದೀರಿ ಅಂದುಕೊಂಡಿದ್ದೇನೆ. ನೂರು ಕಿ.ಮೀ. ಆದ ಮೇಲೆ ಅವನ್ನೂ, ಬ್ರೇಕ್ ಆಯಿಲ್ ಮಟ್ಟವನ್ನೂ ಇನ್ನೊಮ್ಮೆ ನೋಡಿ.